ಭಾವನ ಕೈಗೆ ಹಗ್ಗ ಕೊಡಬೇಡಿ

ಅಕ್ಕನ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಕಟ್ಟಿರುವ ಹಗ್ಗ ನೀವು ಅಂದುಕೊಂಡಿರುವಂಥ ಹಗ್ಗವಲ್ಲ. ಬೆರಳಿನಷ್ಟು ದಪ್ಪ, ನೇರಳೆ ಬಣ್ಣ, ನಡುನಡುವೆ ಹಳದಿ ಎಳೆ. ಮನಸ್ಸು ಮಾಡಿದರೆ ಅದಕ್ಕೆ ಒಂದು ಕಾರನ್ನೇ ನೇತುಹಾಕಬಹುದು ಎಂದು ಭಾವ ಹೇಳುತ್ತಿದ್ದರು. ಸದ್ಯಕ್ಕೆ ಅದರಲ್ಲಿ ನೇತಾಡುವುದು ಅಕ್ಕನ ಎರಡು ನೈಟಿ, ಮೈ ಒರೆಸುವ ನಾಲ್ಕು ಬೈರಾಸು ಮತ್ತು ಮೂರು ದಿನವಾದರೂ ಒಣಗದ ಒಂದು ಬೆಡ್‌ಶೀಟು.

ಭಾವ ಎಂದರೆ ಅಕ್ಕನ ಗಂಡ ಸದಾನಂದ. ಬೆಟ್ಟ ಹತ್ತುವವರು, ಹತ್ತಿಸುವವರು. ಬೆಟ್ಟ ಹತ್ತುವ ಹಗ್ಗಕ್ಕೂ ನಿವೃತ್ತಿಯ ವಯಸ್ಸು ಉಂಟಂತೆ. ಕಣ್ಣಿಗೆ ಎಷ್ಟು ಗಟ್ಟಿಯಾಗಿ ಕಂಡರೂ ಕೆಲವು ವರ್ಷ ಕಳೆದ ಮೇಲೆ ಅದನ್ನು ನಂಬಿ ಮನುಷ್ಯರನ್ನು ಇಳಿಬಿಡುವಂತಿಲ್ಲ. ಹಾಗೆ ನಿವೃತ್ತಿಯಾದ ಹಗ್ಗಗಳೆಲ್ಲ ಒಂದರ ನಂತರ ಒಂದು ಮಂಗಳೂರಿನ ಬಿಜೈಯ ಈ ನಾಲ್ಕನೇ ಮಹಡಿಗೆ ಬಂದು ಬಟ್ಟೆ ಹೊತ್ತಿವೆ. ನಾನೂ ನಿವೃತ್ತನೇ. ಕಂಕನಾಡಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವನು ಈಗ ಅದನ್ನು ಮಗಳಿಗೆ ಒಪ್ಪಿಸಿ, ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಪುಂಡಿ, ಎಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿಯುಂಡೆ, ತಿನ್ನಲು ಹೋಗುತ್ತೇನೆ. ತಿನ್ನುತ್ತಾ ಆ ಹಗ್ಗ ನೋಡುತ್ತೇನೆ.

ಆ ಹಗ್ಗ ಸಡಿಲವಾದರೆ ಬಿಗಿಯಲು ಇಬ್ಬರು ಬೇಕು. ಒಬ್ಬರು ಎಳೆದು ಹಿಡಿಯಬೇಕು, ಇನ್ನೊಬ್ಬರು ಸ್ಟೂಲು ಹತ್ತಿ ಕೊಕ್ಕೆಗೆ ಗಂಟು ಹಾಕಬೇಕು. ನಾನು ಪುಂಡಿ ಬಿಟ್ಟು ಎದ್ದು, "ನಾನು ಹಿಡೀತೇನೆ" ಎಂದರೆ ಸಾಕು, ಭಾವ ಸ್ಟೂಲಿನ ಮೇಲಿಂದಲೇ, "ಬೇಡ ಬೇಡ. ಎಂತ ಬೇಕಾದ್ರೂ ಕೊಡಿ, ಭಾವನ ಕೈಗೆ ಹಗ್ಗ ಮಾತ್ರ ಕೊಡಬೇಡಿ ಮಾರಾಯ್ರೆ" ಎನ್ನುತ್ತಿದ್ದರು. ನಮ್ಮಲ್ಲಿ ಅಕ್ಕನ ಗಂಡ ನನಗೆ ಭಾವನಾದರೆ ನಾನೂ ಅವರಿಗೆ ಭಾವನೇ. ತಮಾಷೆ ಮಾಡುವ ಹಕ್ಕು ಎರಡೂ ಕಡೆಗೆ ಸಮವಾಗಿ ಹಂಚಿರುವ ಸಂಬಂಧ ಅದೊಂದೇ ಇರಬೇಕು. ಅಕ್ಕ ನಗುತ್ತಾ ಬಂದು ತಾನೇ ಹಗ್ಗ ಹಿಡಿಯುತ್ತಿದ್ದಳು.

ಈ ತಮಾಷೆ ಬಾಲ್ಕನಿಗೆ ಮಾತ್ರ ಸೀಮಿತವಾಗಿರಲಿಲ್ಲ. ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ತೊಟ್ಟಿಲಿನ ಹಗ್ಗ ಕಟ್ಟಲು ನಾನು ಹೊರಟಾಗ ನೆರೆದ ನೆಂಟರ ಎದುರು ಭಾವ ಅದನ್ನು ನನ್ನ ಕೈಯಿಂದ ಕಸಿದುಕೊಂಡರು. ಜೀಪಿನ ಮೇಲೆ ಸಾಮಾನು ಕಟ್ಟುವಾಗಲೂ ಅದೇ. ಫ್ಲ್ಯಾಟಿನವರು ವಾರ್ಷಿಕೋತ್ಸವಕ್ಕೆ ಹಗ್ಗಜಗ್ಗಾಟ ಇಟ್ಟಾಗ ಅತಿಥಿಯಾಗಿ ಬಂದ ನನ್ನನ್ನೂ ಒಂದು ತಂಡಕ್ಕೆ ಸೇರಿಸಿದ್ದರು. ಅಂಪೈರ್ ಆಗಿದ್ದ ಭಾವ ಸೀಟಿ ಊದುವ ಮೊದಲೇ ನನ್ನನ್ನು ಹೊರಗೆ ಕಳಿಸಿ, "ಇವರು ನಡುವಿನಲ್ಲಿ ಬಿಟ್ಟುಬಿಡ್ತಾರೆ, ಗ್ಯಾರಂಟಿ ಇಲ್ಲ" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅದು ತಮಾಷೆಯಲ್ಲ ಎಂದು ಗೊತ್ತಿದ್ದವರು ನಾವಿಬ್ಬರೇ.

ಇಷ್ಟು ಹೇಳಿದ ಮೇಲೆ ನಿಮ್ಮ ಹತ್ತಿರ ಮುಚ್ಚಿಡುವುದು ಎಂತ ಉಂಟು? ನಲವತ್ತು ವರ್ಷಗಳ ಹಿಂದೆ ಭಾವ ಬಿದ್ದು ಕಾಲು ಮುರಿದುಕೊಂಡು, ಮತ್ತೆ ಜೀವಮಾನವಿಡೀ ಎಡಗಾಲು ಎಳೆಯುತ್ತಾ ನಡೆದರು. ಅವರು ಬಿದ್ದಾಗ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಅಕ್ಕನಿಗೆ ಇದು ಗೊತ್ತಿರಲಿಲ್ಲ. ಗೊತ್ತಾದರೆ ಭಾನುವಾರದ ಪುಂಡಿ ಮಾತ್ರವಲ್ಲ, ಭಾನುವಾರವೇ ಹೋಗುತ್ತದೆ ಎಂದು ನಾನು ಹೆದರಿಕೊಂಡೇ ಇದ್ದೆ.

ಮಂಗಳೂರಿನವನಿಗೆ ಬೆಟ್ಟದ ಹುಚ್ಚು ಹೇಗೆ ಹಿಡಿಯುತ್ತದೆ ಎಂಬುದು ನನಗೆ ಇಂದಿಗೂ ಬಿಡಿಸಲಾಗದ ಕುತೂಹಲ. ನಮ್ಮಲ್ಲಿ ಬೆಟ್ಟಗಳಿಲ್ಲ, ಇರುವುದೆಲ್ಲ ಗುಡ್ಡೆ. ನೆತ್ತಿ ಚಪ್ಪಟೆ ಇದ್ದರೆ ಪದವು. ಊರಿನ ಹೆಸರು ಕೇಳಿದರೆ ಸಾಕು, ಅರ್ಧಕ್ಕರ್ಧ ಗುಡ್ಡೆ, ಇನ್ನರ್ಧ ಪದವು. ಬಸ್ಸು ಇಳಿದು ಎತ್ತ ತಿರುಗಿದರೂ ಒಂದೋ ಏರು, ಇಲ್ಲವೇ ಇಳಿಜಾರು. ಹೀಗೆ ಹುಟ್ಟಿದಂದಿನಿಂದ ಹತ್ತಿ ಇಳಿದು ಸುಸ್ತಾದ ಊರಿನವರು ರಜೆ ಸಿಕ್ಕಿದಾಗಲೂ ಹತ್ತಲು ಹೋಗುತ್ತಾರೆಯೇ? ಸದಣ್ಣ ಹೋಗುತ್ತಿದ್ದರು. ಆಗ ಅವರು ಇನ್ನೂ ಭಾವ ಆಗಿರಲಿಲ್ಲ, ಪಕ್ಕದ ಓಣಿಯ ಸದಣ್ಣ ಆಗಿದ್ದರು. ನನಗಿಂತ ನಾಲ್ಕು ವರ್ಷ ದೊಡ್ಡವರು, ಕಟ್ಟಡದ ನಕ್ಷೆ ಬರೆಯುವ ಕೆಲಸ. ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಹಿಮಾಲಯದ ಚಿತ್ರ ನೋಡಿ ಅವರಿಗೆ ಅದು ತಲೆಗೆ ಹತ್ತಿತು. ಹಿಮಾಲಯ ದೂರ. ಹತ್ತಿರ ಇದ್ದದ್ದು ಊರ ಹೊರಗೆ ಪಾಳುಬಿದ್ದ ಒಂದು ಮುರಕಲ್ಲಿನ ಕೋರೆ ಮತ್ತು ಯಾರು ಕರೆದರೂ ಎದ್ದು ಹೊರಡುತ್ತಿದ್ದ ನಾನು.

ಹಗ್ಗ ತರಲು ಇಬ್ಬರೂ ಬಂದರಿಗೆ ಹೋಗಿದ್ದೆವು. ಬೋಟುಗಳಿಗೆ ಹಗ್ಗ, ಬಲೆ, ಬೆಂಡು ಮಾರುವ ಅಂಗಡಿ. ಹಗ್ಗದ ಸುರುಳಿಯ ಮೇಲೆಯೇ ಕೂತಿದ್ದ ಸಾಹುಕಾರರು, "ಯಾವ ಬೋಟಿಗೆ?" ಎಂದು ಕೇಳಿದರು.

"ಬೋಟಿಗಲ್ಲ, ಗುಡ್ಡೆಗೆ" ಎಂದರು ಸದಣ್ಣ.

ಸಾಹುಕಾರರು ಕನ್ನಡಕ ಮೇಲೆ ಸರಿಸಿ ನಮ್ಮಿಬ್ಬರನ್ನೂ ಸರಿಯಾಗಿ ನೋಡಿದರು. "ಗುಡ್ಡೆ ಎಲ್ಲಿಗೆ ಹೋಗ್ತದೆ ಮಾರಾಯ, ಕಟ್ಟಿಹಾಕ್ಲಿಕ್ಕೆ?"

ವಾಪಸು ಬರುವಾಗ ದಾರಿಯಿಡೀ ನಾನು ನಕ್ಕೆ. ಸದಣ್ಣ ನಗಲಿಲ್ಲ. ಹಗ್ಗದ ಸುರುಳಿಯನ್ನು ಹೆಗಲಿಗೆ ಅಡ್ಡ ಹಾಕಿಕೊಂಡು, ಪಟ್ಟಾಭಿಷೇಕವಾದವರ ಹಾಗೆ ನಡೆಯುತ್ತಿದ್ದರು.

ಕೋರೆ ಎಂದರೆ ಮನೆ ಕಟ್ಟುವ ಕೆಂಪು ಕಲ್ಲನ್ನು ಕಡಿದು ಕಡಿದು ತೆಗೆದ ಹೊಂಡ. ಮೂರು ಕಡೆ ಗೋಡೆಯ ಹಾಗೆ ನೆಟ್ಟಗೆ ನಿಂತ ಕಲ್ಲು, ತಳದಲ್ಲಿ ಪುಡಿ ಮಣ್ಣು. ಮೇಲೆ ಅಂಚಿನಲ್ಲಿ ಗೇರುಮರಗಳು. ನಾನು ಮರದ ಬುಡಕ್ಕೆ ಕಾಲು ಕೊಟ್ಟು, ಹಗ್ಗವನ್ನು ಸೊಂಟದ ಸುತ್ತ ಬಳಸಿ ಹಿಡಿದು ಮೇಲೆ ಕೂರುವುದು. ಅವರು ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡು ಕೆಳಗಿನಿಂದ ಹತ್ತುವುದು. ಅವರು ಹತ್ತಿದಷ್ಟೂ ನಾನು ಹಗ್ಗ ಎಳೆದುಕೊಳ್ಳಬೇಕು. ಅಂಚು ಅಡ್ಡ ಇರುವುದರಿಂದ ಅವರಿಗೆ ನಾನು ಕಾಣುವುದಿಲ್ಲ, ನನಗೆ ಅವರು ಕಾಣುವುದಿಲ್ಲ. ನಮ್ಮ ನಡುವೆ ಇದ್ದದ್ದು ಹಗ್ಗ ಮತ್ತು ಕೂಗು, ಎರಡೇ. ಗೇರುಹಣ್ಣಿನ ಕಾಲ. ನಾನು ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಹಣ್ಣು ಹಿಡಿದಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಹಣ್ಣು ತಿಂದು ಮುಗಿದಿತ್ತು.

ಮೊದಲೇ ಮಾತಾಗಿತ್ತು. ಅರ್ಧದಲ್ಲಿ ಒಂದು ಅಗಲವಾದ ಮೆಟ್ಟಿಲಿನಂಥ ಜಾಗ ಉಂಟು, ಅಲ್ಲಿ ನಿಂತು ಹಗ್ಗ ಬಿಡಲು ಹೇಳುತ್ತೇನೆ, ಆಗ ನೀನು ಬಿಡಬೇಕು, ನಾನು ಗಂಟು ಬಿಚ್ಚಿ ಬೇರೆ ಹಾಕಿಕೊಳ್ಳಬೇಕು ಎಂದಿದ್ದರು. ಮಧ್ಯಾಹ್ನ ತಿರುಗಿ ಕಡಲಿನ ಗಾಳಿ ಜೋರಾಗಿತ್ತು. ಕೆಳಗಿನಿಂದ ಕೂಗು ಬಂತು. ನಾವು ಮಾತಾಡುವುದು ತುಳು. ತುಳುವಿನಲ್ಲಿ 'ಬುಡೊಡು' ಎಂದರೆ ಬಿಡಬೇಕು, 'ಬುಡೊಡ್ಚಿ' ಎಂದರೆ ಬಿಡಬೇಡ. ಕನ್ನಡದಲ್ಲಿ ಹೇಳಿದ್ದರೂ ಕಥೆ ಅದೇ. ಬೇಕಾದರೆ ಫ್ಯಾನು ಜೋರು ಮಾಡಿ, ಆಚೆ ಕೋಣೆಯಿಂದ ಯಾರಿಂದಲಾದರೂ 'ಬಿಡಬೇಕು', 'ಬಿಡಬೇಡ' ಎಂದು ಕೂಗಿಸಿ ನೋಡಿ. ಮಾತಿನ ತಲೆ ಒಂದೇ, ಬಾಲ ಮಾತ್ರ ಬೇರೆ. ಗಾಳಿ ಮೊದಲು ತಿನ್ನುವುದು ಬಾಲವನ್ನೇ. ನನ್ನ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಬೋರ್ಡಿನ ಕೊನೆಯ ಸಾಲನ್ನು ಓದಲಾರದ ಎಷ್ಟೋ ಜನರಿಗೆ ನಾನು ಕನ್ನಡಕ ಕೊಟ್ಟಿದ್ದೇನೆ. ಒಂದು ಮಾತಿನ ಕೊನೆಯ ಅಕ್ಷರ ಕೇಳದ ನನಗೆ ಕೊಡುವ ಉಪಕರಣ ಆ ಗುಡ್ಡೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಸದಣ್ಣ ಕೂಗಿದ್ದು 'ಬುಡೊಡ್ಚಿ'. ಕಾಲಿನ ಕೆಳಗೆ ಕಲ್ಲು ಪುಡಿಯಾಗುತ್ತಿತ್ತು, ಗಟ್ಟಿ ಹಿಡಿದುಕೋ ಎಂದು ಹೇಳಿದ್ದು. ನನಗೆ ಕೇಳಿದ್ದು 'ಬುಡೊಡು'. ಮೆಟ್ಟಿಲು ಮುಟ್ಟಿದರು ಎಂದುಕೊಂಡು, ವಿಧೇಯನಾಗಿ, ಖುಷಿಯಿಂದ, ಬಿಟ್ಟೆ.

ಆ ಸದ್ದನ್ನು ಇಲ್ಲಿ ಬರೆಯುವುದಿಲ್ಲ. ನಾನು ಸುತ್ತು ಬಳಸಿ ಕೆಳಗೆ ಓಡಿಹೋದಾಗ ಅವರು ಪುಡಿ ಮಣ್ಣಿನಲ್ಲಿ ಕೂತು ತಮ್ಮ ಪಾದ ಯಾವ ದಿಕ್ಕಿಗೆ ತಿರುಗಿದೆ ಎಂದು ನೋಡುತ್ತಿದ್ದರು. ನಾನು ಅಳಲು ಶುರುಮಾಡಿದೆ. "ಕೂಗಬೇಡ ಮಾರಾಯ, ಕಾಲು ಮುರಿದದ್ದು ನನ್ನದು" ಎಂದರು. ಆಮೇಲೆ, "ಕಲ್ಲು ಪಾಚಿ ಹಿಡಿದಿತ್ತು. ನಾನು ಜಾರಿದೆ. ನಾನು ಒಬ್ಬನೇ ಬಂದದ್ದು. ಗೊತ್ತಾಯ್ತಾ?" ಎಂದರು. ನನಗೆ ಗೊತ್ತಾಯಿತು. ಅಂದಿನಿಂದ ಅದು ಪಾಚಿಯೇ.

ಇನ್ನು ಮುಂದಿನದ್ದು ಕೇಳಿದರೆ ನೀವು ನನ್ನನ್ನು ಕ್ಷಮಿಸುವ ಸಾಧ್ಯತೆ ಉಂಟು. ಸದಣ್ಣನ ಮನೆಯಲ್ಲಿ ನೋಡಿಕೊಳ್ಳಲು ಹೆಂಗಸರಿರಲಿಲ್ಲ. ಆಸ್ಪತ್ರೆಯಿಂದ ಬಿಟ್ಟ ಮೇಲೆ ನನ್ನ ಅಮ್ಮ ಅವರನ್ನು ನಮ್ಮ ಮನೆಯ ಚಾವಡಿಯಲ್ಲೇ ಮಲಗಿಸಿದಳು. ಪ್ಲಾಸ್ಟರ್ ಹಾಕಿದ ಕಾಲು ದಿಂಬಿನ ಮೇಲೆ. ಅಕ್ಕ ರೇವತಿ ಹೊತ್ತುಹೊತ್ತಿಗೆ ಗಂಜಿ, ಚಟ್ನಿ ಕೊಡುತ್ತಿದ್ದಳು. ಮೊದಲ ವಾರ ಬಟ್ಟಲನ್ನು ನೆಲದ ಮೇಲೆ ಇಟ್ಟು ಹೋಗುತ್ತಿದ್ದವಳು ಎರಡನೇ ವಾರ ಕೈಗೆ ಕೊಡತೊಡಗಿದಳು. ನಾಲ್ಕನೇ ವಾರಕ್ಕೆ ಗಂಜಿ ತಣ್ಣಗಾದರೂ ಮಾತು ಮುಗಿಯುತ್ತಿರಲಿಲ್ಲ. ಮರುವರ್ಷ ಸದಣ್ಣ ಭಾವ ಆದರು. ಮದುವೆಯ ಚಪ್ಪರದಲ್ಲಿ ನನ್ನ ಕಿವಿಯ ಹತ್ತಿರ ಬಾಗಿ, "ನೀನು ಹಗ್ಗ ಬಿಟ್ಟದ್ದಕ್ಕೆ ನಾನು ಇಲ್ಲಿಗೆ ಬಂದು ಬಿದ್ದೆ" ಎಂದರು. ಅದು ಬೈಗುಳವೋ ಕೃತಜ್ಞತೆಯೋ ಎಂದು ನಾನು ಈಗಲೂ ಯೋಚಿಸುತ್ತೇನೆ.

ಆ ಕಾಲು ಮಾತ್ರ ಸರಿಯಾಗಲಿಲ್ಲ. ಹಿಮಾಲಯದ ತರಬೇತಿಗೆ ಹೋದಾಗ ಮೊದಲ ಸಲ ಅವರನ್ನು ಕಾಲು ನೋಡಿಯೇ ವಾಪಸು ಕಳಿಸಿದರು. ಮತ್ತೆ ಹೋದರು. ಎರಡನೇ ಸಲ ಸೇರಿಸಿಕೊಂಡರು. ಅಲ್ಲಿಂದ ಬಂದವರು ರಜೆ ಸಿಕ್ಕಿದಾಗಲೆಲ್ಲ ಕರಾವಳಿಯ ಹುಡುಗ ಹುಡುಗಿಯರನ್ನು ಘಟ್ಟಕ್ಕೆ ಕರೆದುಕೊಂಡು ಹೋದರು. ನಾನು ಒಂದೇ ಸಲ ಹಿಂದೆ ಹೋಗಿದ್ದೆ. ಆಗ ಒಂದು ಸಂಗತಿ ಕಂಡಿತು. ಮುಂದೆ ನಡೆಯುವ ನಾಯಕ ಕಾಲೆಳೆಯುವವನಾದರೆ ಹಿಂದೆ ಬರುವವರು ಯಾರೂ ಓಡುವಂತಿಲ್ಲ. ಯಾರೂ ಓಡದಿದ್ದರೆ ಯಾರೂ ಹಿಂದೆ ಉಳಿಯುವುದಿಲ್ಲ. ಅವರ ಗುಂಪಿನಲ್ಲಿ ಒಬ್ಬರೂ ದಾರಿ ತಪ್ಪಿದ್ದಿಲ್ಲ. ಇದನ್ನು ಅವರಿಗೇ ಹೇಳಿದೆ. "ಹಾಗಾದ್ರೆ ನಿನಗೊಂದು ಸನ್ಮಾನ ಮಾಡ್ಬೇಕು" ಎಂದರು.

ಮೂರು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಪೇಪರು ಓದುತ್ತಾ ಸೋಫಾದಲ್ಲಿ ಕೂತಿದ್ದವರು ಮತ್ತೆ ಏಳಲಿಲ್ಲ. ಅಷ್ಟು ಎತ್ತರ ಹತ್ತಿ ಇಳಿದವರು ಹೋಗಿದ್ದು ಒಂದೂವರೆ ಅಡಿಯ ಸೋಫಾದಿಂದ. ತಿಂಗಳು ಕಳೆದ ಮೇಲೆ ಒಂದು ಭಾನುವಾರ ಅಕ್ಕ ನನ್ನ ತಟ್ಟೆಗೆ ಪುಂಡಿ ಹಾಕುತ್ತಾ, "ಅವರ ಹೆಸರಲ್ಲಿ ಒಂದು ಪುರಸ್ಕಾರ ಇಡ್ತೇನೆ. ವರ್ಷಕ್ಕೆ ಒಬ್ರು. ಬೆಟ್ಟದಲ್ಲಿ ಜನರನ್ನು ನಡೆಸ್ಲಿಕ್ಕೆ ಕಲಿಯುವವರಿಗೆ. ತರಬೇತಿಗೆ ಕಳಿಸುವುದು, ಒಂದು ಜೊತೆ ಒಳ್ಳೆ ಬೂಟು ಕೊಡುವುದು" ಎಂದಳು. ಭಾವನ ಶಿಷ್ಯ ಲ್ಯಾನ್ಸಿ ಈಗ ಸ್ವತಃ ಒಬ್ಬ ಪರ್ವತಾರೋಹಣದ ಗುರು. ಅವನು, ಅಕ್ಕ, ನಾನು, ಹೀಗೆ ಮೂವರ ಆಯ್ಕೆ ಸಮಿತಿ. ಲ್ಯಾನ್ಸಿಗೆ ಬೆಟ್ಟ ಗೊತ್ತು, ಅಕ್ಕನಿಗೆ ಭಾವ ಗೊತ್ತು. ನನ್ನನ್ನು ಯಾಕೆ ಹಾಕಿದ್ದು ಎಂದು ಕೇಳಿದ್ದಕ್ಕೆ, "ನಿನ್ನ ಕನ್ನಡ ಒಳ್ಳೇದುಂಟು" ಎಂದಳು.

ಮೊದಲ ವರ್ಷ ನನ್ನ ಒಳ್ಳೆಯ ಕನ್ನಡದಲ್ಲಿ 'ಗೈಡ್ ಆಗಬಯಸುವವರು ಅರ್ಜಿ ಹಾಕಬಹುದು' ಎಂದು ಪ್ರಕಟಣೆ ಬರೆದೆ. ಒಂದು ವಾರ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಹತ್ತನೇ ಕ್ಲಾಸಿನ ಗಣಿತದ ಗೈಡ್ ಉಂಟಾ, ವಿಜ್ಞಾನದ್ದು ಎಷ್ಟಕ್ಕೆ ಕೊಡುತ್ತೀರಿ ಎಂದು ತಾಯಂದಿರು ಕೇಳಿದರು. ಅಂದಿನಿಂದ 'ಪರ್ವತ ಮಾರ್ಗದರ್ಶಿ' ಎಂದು ಬರೆಯುತ್ತೇವೆ. ಈಗ ಯಾರಿಗೂ ಅರ್ಥವಾಗದ ಕಾರಣ ಫೋನುಗಳು ಕಡಿಮೆ.

ಅರ್ಜಿಯ ಜೊತೆ ಭಾವನ ಪರಿಚಯದ ಒಂದು ಕಿರುಹೊತ್ತಗೆಯನ್ನೂ ಕೊಡುತ್ತೇವೆ. ಅದನ್ನು ಬರೆದವನೂ ನಾನೇ. 'ಗೇರುಹಣ್ಣು ಕೆಂಪಾಗಿ ತೂಗುವ ಕಾಲದ ಒಂದು ಮಧ್ಯಾಹ್ನ, ಹಗ್ಗ ಕಟ್ಟಿಕೊಂಡು ಕೋರೆ ಹತ್ತುತ್ತಿದ್ದ ತರುಣ ಸದಾನಂದರು ಪಾಚಿಗಟ್ಟಿದ ಕಲ್ಲಿನಿಂದ ಜಾರಿಬಿದ್ದರೂ ಎದೆಗುಂದಲಿಲ್ಲ.' ಬರೆಯುವಾಗ ಕೈ ನಡುಗಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಗೇರುಹಣ್ಣಿನ ವರ್ಣನೆ ಚೆನ್ನಾಗಿ ಬಂತು ಎಂದು ಎರಡು ಸಲ ಓದಿಕೊಂಡೆ.

ಈ ವರ್ಷದ ಅರ್ಜಿಗಳಲ್ಲಿ ಒಂದನ್ನು ಓದಿ ನಾನು ಕನ್ನಡಕ ಒರೆಸಿಕೊಂಡೆ. 'ನೀವು ತಲುಪಿದ ಅತಿ ಎತ್ತರದ ಜಾಗ ಯಾವುದು?' ಎಂಬ ಪ್ರಶ್ನೆಗೆ ಉಳಿದವರೆಲ್ಲ ಶಿಖರಗಳ ಹೆಸರು ಬರೆದಿದ್ದರು. ಧನ್ಯಾ ಎಂಬ ಹುಡುಗಿ ಒಂದು ಶಿಖರದ ಹೆಸರು ಬರೆದು, ಕೆಳಗೆ ಹೀಗೆ ಸೇರಿಸಿದ್ದಳು: 'ಎತ್ತರವನ್ನು ಸಮುದ್ರದಿಂದ ಅಳೆಯುತ್ತಾರೆ. ನನ್ನ ಮನೆಯ ಹೊಸ್ತಿಲು ಸಮುದ್ರದ ಮಟ್ಟದಲ್ಲೇ ಇದೆ. ಬೇರೆಯವರು ನಡುವಿನಿಂದ ಶುರು ಮಾಡಿದ್ದಾರೆ. ನಾನು ಹತ್ತಿದ್ದು ಪೂರ್ತಿ.'

ಇಂಥದ್ದನ್ನು ಓದಿದ ಮೇಲೆ ಆ ಹುಡುಗಿಯನ್ನು ನೋಡದೆ ಇರಲು ಆಗುತ್ತದೆಯೇ? ಸಂದರ್ಶನಕ್ಕೆ ಅಕ್ಕನ ಮನೆಗೇ ಬಂದಳು. ಇಪ್ಪತ್ತಮೂರು ವರ್ಷ. ಮೀನುಗಾರರ ಮನೆಯವಳು, ಅಪ್ಪನ ಬೋಟು ಬಂದರಿನಲ್ಲಿ. ಅಜ್ಜ ತಾಂಡೇಲರಾಗಿದ್ದರಂತೆ, ಎಂದರೆ ಬೋಟು ನಡೆಸುವ ಮುಖ್ಯಸ್ಥ. ಒಳಗೆ ಬಂದವಳು ಕುರ್ಚಿಯಲ್ಲಿ ಕೂರುವ ಮೊದಲೇ ಬಾಲ್ಕನಿಯ ಕಡೆ ನೋಡಿ, "ಹಗ್ಗ ಸಡಿಲ ಆಗಿದೆ ಮೇಡಂ" ಎಂದಳು. ಲ್ಯಾನ್ಸಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಅವನು ಗಂಟುಗಳ ಬಗ್ಗೆ, ಹವಾಮಾನದ ಬಗ್ಗೆ ಕೇಳಿದ. ಎಲ್ಲಕ್ಕೂ ಸರಿಯಾಗಿ ಹೇಳಿದಳು. ಕೊನೆಗೆ ಅಕ್ಕ, "ನಮ್ಮ ಹತ್ರ ನಿನಗೆ ಎಂತಾದ್ರೂ ಕೇಳ್ಲಿಕ್ಕುಂಟಾ?" ಎಂದಳು. ಹೀಗೆ ಕೇಳುವುದು ಒಂದು ಶಿಷ್ಟಾಚಾರ. ಇಲ್ಲ ಮೇಡಂ ಎನ್ನುವುದೂ ಶಿಷ್ಟಾಚಾರವೇ.

"ಒಂದು ಉಂಟು ಮೇಡಂ" ಎಂದು ಧನ್ಯಾ ಚೀಲದಿಂದ ನನ್ನ ಕಿರುಹೊತ್ತಗೆ ತೆಗೆದಳು. ಆ ಸಾಲಿನ ಕೆಳಗೆ ಪೆನ್ಸಿಲ್ಲಿನ ಗೆರೆ ಇತ್ತು. "ಗೇರುಹಣ್ಣಿನ ಕಾಲ ಅಂತ ಉಂಟು. ಅದು ಮಾರ್ಚ್, ಏಪ್ರಿಲ್ ಅಲ್ವಾ? ಆಗ ಮಳೆ ಇಲ್ಲ, ಕೋರೆಯಲ್ಲಿ ಪಾಚಿ ಎಲ್ಲಿಂದ?"

ನಲವತ್ತು ವರ್ಷ ನಾವೆಲ್ಲ ಗೇರುಹಣ್ಣು ತಿಂದಿದ್ದೇವೆ, ಪಾಚಿಯಲ್ಲಿ ಜಾರಿಯೂ ಇದ್ದೇವೆ. ಎರಡನ್ನೂ ಒಂದೇ ತಿಂಗಳಲ್ಲಿ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಸಾಹಿತ್ಯ ಮಾಡಲು ಹೋಗಿ ಸಿಕ್ಕಿಬಿದ್ದೆ. ನಾನು ನೀರು ಕುಡಿದೆ.

"ಮತ್ತೆ, ಹಗ್ಗ ಕಟ್ಟಿ ಹತ್ತಿದ್ದು ಅಂತಲೂ ಉಂಟು" ಎಂದಳು ಅವಳು. ಆಕ್ಷೇಪದ ದನಿಯಲ್ಲ. ಗಡಿಯಾರ ಬಿಚ್ಚಿ ಒಳಗೆ ನೋಡುವವರ ಮುಖ ಇರುತ್ತದಲ್ಲ, ಹಾಗೆ ಇತ್ತು ಅವಳ ಮುಖ. "ಹಗ್ಗ ಇದ್ರೆ ಕಾಲು ಜಾರಿದ್ರೂ ನೇತಾಡ್ಬೇಕು, ನೆಲಕ್ಕೆ ಬೀಳ್ಲಿಕ್ಕಿಲ್ಲ. ಆಗ ಹಗ್ಗ ಯಾರ ಕೈಯಲ್ಲಿ ಇತ್ತು?"

"ಅದೆಲ್ಲ ಹಳೇದು ಮಾರಾಯ್ತಿ" ಎಂದ ಲ್ಯಾನ್ಸಿ.

"ಬೈಲಿಕ್ಕೆ ಅಲ್ಲ ಸರ್" ಎಂದಳು. "ನಮ್ಮ ಬೋಟಿನಲ್ಲಿ ಯಾರಿಗಾದ್ರೂ ಪೆಟ್ಟಾದ್ರೆ ಅಜ್ಜ ಮೊದಲು ಕೇಳ್ತಿದ್ದದ್ದು ಹಗ್ಗ ಹಿಡಿದಿದ್ದವನನ್ನು. ಅವನಿಗೆ ಎಂತ ಕೇಳಿತು ಅಂತ ತಿಳಿಲಿಕ್ಕೆ."

ಅವನಿಗೆ ಎಂತ ಕೇಳಿತು. ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಕೇಳುವಂತೆಯೂ ಇರಲಿಲ್ಲ, ಏಕೆಂದರೆ ನಾನು ಅಲ್ಲಿ ಇದ್ದೆ ಎಂಬುದೇ ಕಥೆಯಲ್ಲಿ ಇರಲಿಲ್ಲ. ಈಗಲೂ ಸುಮ್ಮನಿರಬಹುದಿತ್ತು. ಅಕ್ಕ, "ಅವರು ಒಬ್ರೇ ಹೋದದ್ದು. ಮರಕ್ಕೆ ಕಟ್ಟಿದ್ರೋ ಏನೋ" ಎಂದು ನನ್ನ ಪರವಾಗಿ ತಾನೇ ಹೇಳುತ್ತಿದ್ದಳು. ಅದು ಕೇಳಿ ನನಗೆ ತಡೆಯಲಾಗಲಿಲ್ಲ.

"ನನ್ನ ಕೈಯಲ್ಲಿ ಇತ್ತು" ಎಂದೆ. "ಅವರು ಬುಡೊಡ್ಚಿ ಅಂದ್ರು. ನನಗೆ ಬುಡೊಡು ಅಂತ ಕೇಳಿತು. ಬಿಟ್ಟೆ."

ಧನ್ಯಾ ತಲೆಯಾಡಿಸಿದಳು. ಅವಳಿಗೆ ಉತ್ತರ ಸಿಕ್ಕಿತ್ತು. "ಹಾಗೇ ಆಗುವುದು ಸರ್" ಎಂದಳು ಸಮಾಧಾನವಾಗಿ. "ಇಂಜಿನ್ ಸದ್ದಿನಲ್ಲಿ ಮಾತಿನ ಬಾಲ ಕೇಳುವುದಿಲ್ಲ. ಅದಕ್ಕೆ ನಮ್ಮಲ್ಲಿ ಹಗ್ಗ ಹಿಡಿದವನಿಗೆ ಬೇಡ ಅಂತ ಮುಗಿಯುವ ಮಾತು ಹೇಳ್ಲಿಕ್ಕೇ ಇಲ್ಲ. ಬುಡೊಡ್ಚಿ ಅನ್ನುವುದಿಲ್ಲ. 'ಪತ್ತ್' ಅನ್ನುವುದು, ಅಷ್ಟೇ. ಹಿಡಿ. ಅರ್ಧ ಕೇಳಿದ್ರೂ ಅದು ಹಿಡಿಯೇ." ಲ್ಯಾನ್ಸಿ ಪೆನ್ನು ತೆಗೆದು ಅದನ್ನು ಬರೆದುಕೊಂಡ. ಇಪ್ಪತ್ತು ವರ್ಷದಿಂದ ಕಲಿಸುತ್ತಿರುವವನು ಅವನು.

ನಾನು ಅಕ್ಕನನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಬಾಲ್ಕನಿಯ ಹಗ್ಗ ನೋಡುತ್ತಿದ್ದಳು. ತೊಟ್ಟಿಲು, ಜೀಪು, ಹಗ್ಗಜಗ್ಗಾಟ ಎಲ್ಲವೂ ಅವಳ ಮುಖದಲ್ಲಿ ಒಂದೊಂದಾಗಿ ಹಾದುಹೋಗುವುದು ನನಗೆ ಕಾಣುತ್ತಿತ್ತು.

ಆ ಇಬ್ಬರೂ ಹೋದ ಮೇಲೆ ಬೈಯಿಸಿಕೊಳ್ಳಲು ಸಿದ್ಧನಾಗಿ ಕೂತೆ. ಅವರ ಕಾಲು ಹಾಳು ಮಾಡಿದೆ ಎನ್ನುತ್ತಾಳೆ ಎಂದುಕೊಂಡಿದ್ದೆ. ಅಕ್ಕ, "ಅದಕ್ಕಾ ಅವರು ಹಾಗೆ 'ಭಾವನ ಕೈಗೆ ಕೊಡಬೇಡಿ' ಹೇಳ್ತಿದ್ದದ್ದು" ಎಂದಳು. ನಾನು ಹೌದೆಂದೆ. "ಅಷ್ಟು ವರ್ಷ ನೀವಿಬ್ರೂ ಅದಕ್ಕೆ ನಗಾಡಿದ್ರಿ. ನಾನು ಎಂತದೂ ಗೊತ್ತಿಲ್ಲದೆ ಎದುರಿಗೆ ನಿಂತು ನಗಾಡಿದೆ. ಬಿದ್ದದ್ದು ಹೋಗ್ಲಿ ವಿಶು, ಪೆಟ್ಟು ಗುಣ ಆಗ್ತದೆ. ನನ್ನನ್ನು ಹೊರಗೆ ಇಟ್ರಿ ಅಲ್ವಾ? ಅವರ ಹತ್ರ ಕೇಳ್ಲಿಕ್ಕೆ ಈಗ ಅವರು ಇಲ್ಲ." ಅವಳ ಕಣ್ಣು ತುಂಬಿತ್ತು. ನಾನು ಮಾಡಿದ ತಪ್ಪು ಯಾವುದು ಎಂಬುದೇ ನನಗೆ ಇಷ್ಟು ವರ್ಷ ತಪ್ಪಾಗಿ ಗೊತ್ತಿತ್ತು.

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಅದರ ಮುಂದಿನ ಭಾನುವಾರ ಅವಳು ಫೋನು ಎತ್ತಲಿಲ್ಲ. ಮನೆಯಲ್ಲಿ ಹೆಂಡತಿ ಉಪ್ಪಿಟ್ಟು ಮಾಡಿದಳು. ಅದು ಉಪ್ಪಿಟ್ಟಿನ ತಪ್ಪಲ್ಲ, ಆದರೂ ನಾನು ಅದರ ಮೇಲೆ ಸಿಟ್ಟು ಮಾಡಿದೆ. ಸಂಕಟ ಇದ್ದದ್ದು ಇನ್ನೊಂದು ಕಡೆ. ಪುರಸ್ಕಾರ ಧನ್ಯಾಳಿಗೇ ಎಂದು ಲ್ಯಾನ್ಸಿ ಬರೆದು ಸಹಿ ಹಾಕಿದ್ದ, ನಾನೂ ಹಾಕಿದ್ದೆ. ಅಕ್ಕನ ಸಹಿ ಬಾಕಿ. ತರಬೇತಿಗೆ ಹೆಸರು ಕಳಿಸಲು ಒಂದು ವಾರವೂ ಇರಲಿಲ್ಲ. "ಅಕ್ಕನಿಗೆ ಹೇಳಿ ಸರ್" ಎಂದು ಲ್ಯಾನ್ಸಿ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದ. ಹೇಳಲು ನನಗೆ ಯಾವ ಮುಖ ಉಂಟು? ನನ್ನಿಂದಾಗಿ ಒಬ್ಬರು ಬಿದ್ದದ್ದು ಸಾಲದೆಂದು, ಈಗ ಹತ್ತಲು ಹೊರಟ ಇನ್ನೊಬ್ಬಳನ್ನೂ ನಾನೇ ತಡೆದ ಹಾಗಾಯಿತು. ಹಾಗೆ ನೋಡಿದರೆ ಆ ಹುಡುಗಿ ಮಾಡಿದ್ದು ಒಂದು ಪ್ರಶ್ನೆ ಕೇಳಿದ್ದು ಮಾತ್ರ. ಬೆಟ್ಟದಲ್ಲಿ ಜನರನ್ನು ನಡೆಸುವವರಲ್ಲಿ ಬೇರೆ ಯಾವ ಗುಣವನ್ನು ನಾವು ಹುಡುಕುತ್ತಿದ್ದೆವೋ ನನಗೆ ಗೊತ್ತಿಲ್ಲ.

ಗುರುವಾರ ಬೆಳಿಗ್ಗೆ ಅಕ್ಕನ ಫೋನು ಬಂತು. "ಹಗ್ಗ ಸಡಿಲ ಆಗಿದೆ. ಬಾ" ಎಂದು ಇಟ್ಟಳು.

ಲಿಫ್ಟು ಹಾಳಾಗಿತ್ತು. ನಾಲ್ಕು ಮಹಡಿ ಹತ್ತಿದೆ. ಬಾಗಿಲು ತೆರೆದೇ ಇತ್ತು. ಊಟದ ಮೇಜಿನ ಮೇಲೆ ಒಂದು ಜೊತೆ ಹೊಸ ಬೂಟಿನ ಪೆಟ್ಟಿಗೆ, ಅದರ ಕೆಳಗೆ ಪತ್ರ. ಮೂರನೇ ಸಹಿ ಬಿದ್ದಿತ್ತು. ಪಕ್ಕದಲ್ಲಿ ನನ್ನ ಕಿರುಹೊತ್ತಗೆ. 'ಪಾಚಿಗಟ್ಟಿದ' ಎಂಬ ಮಾತನ್ನು ಅಕ್ಕ ಹೊಡೆದುಹಾಕಿ ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಳು, ಅಲ್ಲಿ ನಾನು ಬರೆಯಬೇಕು ಎಂಬ ಹಾಗೆ.

ಅವಳು ಬಾಲ್ಕನಿಯಲ್ಲಿ ಸ್ಟೂಲಿನ ಮೇಲೆ ನಿಂತಿದ್ದಳು. ಅರವತ್ತು ದಾಟಿದವಳು, ಒಂದು ಕೈ ಗೋಡೆಗೆ. ನೇರಳೆ ಹಗ್ಗದ ತುದಿಯನ್ನು ನನ್ನ ಕಡೆ ಚಾಚಿದಳು. ಭಾವ ಇದ್ದಿದ್ದರೆ ಹೇಳುತ್ತಿದ್ದ ಮಾತು ಇಬ್ಬರಿಗೂ ನೆನಪಾಗಿರಬೇಕು. ಇಬ್ಬರೂ ಹೇಳಲಿಲ್ಲ.

"ಪತ್ತ್" ಎಂದಳು ಅಕ್ಕ.

ಹಿಡಿದೆ. ಎರಡೂ ಕೈಯಲ್ಲಿ, ಸೊಂಟಕ್ಕೆ ಒಂದು ಸುತ್ತು ಹಾಕಿ, ಕಾಲನ್ನು ಬಾಲ್ಕನಿಯ ಕಟ್ಟೆಗೆ ಕೊಟ್ಟು ಹಿಡಿದೆ. ಅವಳು ಕೊಕ್ಕೆಗೆ ಹಗ್ಗ ಸುತ್ತಿ ಗಂಟು ಹಾಕಿದಳು, ಎಳೆದು ನೋಡಿದಳು, ಇಳಿದಳು. ಸ್ಟೂಲನ್ನು ಗೋಡೆಗೆ ಸರಿಸಿ, ಬಕೆಟಿನಿಂದ ಬೈರಾಸುಗಳನ್ನು ತೆಗೆದು ಒಂದೊಂದಾಗಿ ಒಣಹಾಕಿದಳು. ಆಮೇಲೆ ಒಳಗೆ ಹೋದಳು. ಅಡುಗೆಮನೆಯಲ್ಲಿ ಚಹಾಕ್ಕೆ ನೀರು ಇಟ್ಟ ಸದ್ದು, ಎರಡು ಲೋಟ ತೆಗೆದ ಸದ್ದು ಕೇಳಿತು.

ಬಿಡು ಎಂದು ಅವಳು ಹೇಳಿರಲಿಲ್ಲ. ನಾನು ಹಿಡಿದುಕೊಂಡೇ ನಿಂತಿದ್ದೆ.